ಪಿಸ್ತಾ ಬಣ್ಣದ ಪರಂಪರೆ

ಗಗನನ ಕಂಪನಿಯಲ್ಲಿ ಆ ವಾರ ಕೆಲಸ ಕಡಿಮೆಯಿತ್ತು. ಸೂರ್ಯಕಾಂತನ ಗ್ರಹಚಾರ ಕೆಡಲು ಅಷ್ಟು ಸಾಕಾಯಿತು.

ಗಗನ ಮೈಸೂರಿನ ಹುಡುಗ. ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ನೌಕರಿ, ಹಿಮಾಯತ್‌ನಗರದ ಹಳೆಯ ದೇವಡಿಯೊಂದರ ಮಹಡಿಯ ಕೋಣೆಯಲ್ಲಿ ವಾಸ. ದೇವಡಿ ಎಂದರೆ ನಿಜಾಮರ ಕಾಲದ ಶ್ರೀಮಂತರು ಕಟ್ಟಿಸಿಕೊಂಡ ದೊಡ್ಡ ಮನೆ. ಒಂದು ಕಾಲಕ್ಕೆ ಅಲ್ಲಿ ಒಂದೇ ಕುಟುಂಬ ಮೈಚಾಚಿ ಮಲಗುತ್ತಿತ್ತಂತೆ, ಈಗ ನಾಲ್ಕು ಬಾಡಿಗೆ ಸಂಸಾರಗಳು ಮೈ ಮುದುಡಿಕೊಂಡು ಮಲಗುತ್ತಿದ್ದವು. ಕೆಲಸವಿಲ್ಲದ ಕಂಪ್ಯೂಟರಿನ ಮುಂದೆ ಕೂತ ಗಗನ, ಜಗತ್ತಿನಲ್ಲಿ ಅಪಾಯದಲ್ಲಿರುವ ಪಾರಂಪರಿಕ ತಾಣಗಳ ವಿಚಾರ ಓದಿದ. ಇಟಲಿಯ ವೆನಿಸ್ ಊರು ನೀರಿಗೆ ಇಳಿಯುತ್ತಿದೆ, ಆಸ್ಟ್ರೇಲಿಯಾದ ಸಮುದ್ರದ ಹವಳದ ದಿಬ್ಬ ಬಿಳಿಚಿಕೊಳ್ಳುತ್ತಿದೆ, ಅಫ್ಘಾನಿಸ್ತಾನದಲ್ಲಿ ಬೆಟ್ಟದಷ್ಟೆತ್ತರದ ಬುದ್ಧನನ್ನು ಮದ್ದಿಟ್ಟು ಒಡೆದೇ ಬಿಟ್ಟರು. ನಮ್ಮ ದೇವಡಿಗೂ ಇದೇ ಗತಿ ಬಂದಿದೆಯಲ್ಲ ಎಂದುಕೊಂಡು, ಊರಿನಲ್ಲಿದ್ದ ಪುರಾತನ ಕಟ್ಟಡ ರಕ್ಷಣಾ ಸಮಿತಿಯೊಂದಕ್ಕೆ ಇ-ಮೇಲ್ ಕಳಿಸಿದ. ಯಾರನ್ನು ಕಾಣಬೇಕು ಎಂಬಲ್ಲಿ, ಕೇಳಿದ್ದಕ್ಕೆಲ್ಲ ಹೂಂ ಅನ್ನುವವರು ಯಾರಿದ್ದಾರೆಂದು ಯೋಚಿಸಿ ಸೂರ್ಯಕಾಂತನ ಹೆಸರು ಹಾಕಿದ.

ಸೂರ್ಯಕಾಂತ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಿರಾಕಿಯ ಮೂಗಿನ ಮೇಲೆ ಗಾಜು ಬದಲಿಸುತ್ತ "ಈಗ ಛಲೋ ಕಾಣತೈತೋ, ಈಗ ಛಲೋ ಕಾಣತೈತೋ?" ಎಂದು ಕೇಳುವುದೇ ದಿನವಿಡೀ ಅವನ ಉದ್ಯೋಗ. ಊರಿಗೆಲ್ಲ ಸ್ಪಷ್ಟವಾಗಿ ಕಾಣಿಸುವಂತೆ ಮಾಡುವ ಈ ಮನುಷ್ಯನಿಗೆ ಸ್ವಂತದ ವಿಷಯದಲ್ಲಿ ಯಾವುದೂ ಸ್ಪಷ್ಟವಾಗಿ ಕಂಡದ್ದೇ ಇಲ್ಲ. ಸಮಿತಿಯವರ ಉತ್ತರ ಬಂದ ಮರುದಿನ ಅಂಗಡಿಗೆ ವಾರದ ರಜೆ. ಬೆಳಿಗ್ಗೆ ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ ಗಗನ ದಡದಡನೆ ಮೆಟ್ಟಿಲಿಳಿದು ಬಂದ. ಹೊರಗೆ ಕಂಪನಿಯ ಕ್ವಾಲಿಸ್ ಗಾಡಿ ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು.

"ಸೂರ್ಯಕಾಂತ್ ಸಾರ್, ಇವತ್ತು ಸಂಜೆ ಸಮಿತಿಯವರು ನಮ್ಮನೆ ನೋಡೋಕೆ ಬರ್ತಾ ಇದಾರೆ. ಅವರು ಒಪ್ಪಿಬಿಟ್ರೆ ಮುಗೀತು, ಈ ಮನೇನ ಯಾರೂ ಕೆಡವೋ ಹಾಗಿಲ್ಲ!"

"ಯಾರು ಬರಾಕತ್ತಾರ? ಯಾತಕ್ಕ?"

"ಪರಂಪರೆ ಸಾರ್. ವೆನಿಸ್ ಇದೆಯಲ್ಲ, ಹಾಗೆ. ಊರಿಗೆ ಊರೇ ನೀರಲ್ಲಿ ಮುಳುಗ್ತಾ ಇದೆ."

"ನಮ್ಮ ಬಚ್ಚಲನೂ ಮುಳಗತೈತಪಾ. ಅದನ್ನ ನೋಡಾಕ ಬರಾಕತ್ತಾರೇನು?"

"ಅಯ್ಯೋ, ಸಂಜೆ ಬಂದು ಹೇಳ್ತೀನಿ. ನೀವು ಏನೂ ಮುಟ್ಟಬೇಡಿ, ಅಷ್ಟೇ!" ಎಂದವನೇ ಗಗನ ಓಡಿಹೋಗಿ ಗಾಡಿ ಹತ್ತಿದ. ಸೂರ್ಯಕಾಂತ ಬಾಯಲ್ಲಿದ್ದ ನೊರೆ ನುಂಗಿ ಕಣ್ಣುಕಣ್ಣು ಬಿಟ್ಟ.

ಅವನಿಗೆ ತಿಳಿದದ್ದು ಒಂದೇ ಮಾತು: ಕೆಡವೋ ಹಾಗಿಲ್ಲ. ಆ ಮಾತನ್ನು ಮಾತ್ರ ಅವನು ಗಟ್ಟಿಯಾಗಿ ಹಿಡಿದುಕೊಂಡ. ದೇವಡಿಯ ಮಾಲೀಕ ಸಾಹೇಬರು, ಶಂಶಾಬಾದಿನ ಕಡೆ ವಿಮಾನ ನಿಲ್ದಾಣ ಬರುತ್ತದೆಂಬ ಸುದ್ದಿ ಹಿಡಿದು ಅಲ್ಲಿ ಜಮೀನು ಕೊಳ್ಳಲು ಹೊರಟಿದ್ದರು. ಅದಕ್ಕಾಗಿ ಈ ಮನೆಯನ್ನು ಬಿಲ್ಡರನಿಗೆ ಕೊಡುವ ಮಾತಾಗಿತ್ತು. ದೇವಡಿ ಬಿದ್ದು ಅಲ್ಲಿ ಗಾಜಿನ ಕಟ್ಟಡ ಏಳುವುದಿತ್ತು. ಸೂರ್ಯಕಾಂತ ತಿಂಗಳುಗಟ್ಟಲೆ ಬೇರೆ ಮನೆ ಹುಡುಕಿ ಚಪ್ಪಲಿ ಸವೆಸಿದ್ದ. ಊರ ತುಂಬ ಸಾಫ್ಟ್‌ವೇರಿನ ಹುಡುಗರು ಇಳಿದಮೇಲೆ ಮನೆ ಮಾಲೀಕರೆಲ್ಲ ಅರಸರಾಗಿದ್ದರು. ಕನ್ನಡಕದ ಅಂಗಡಿ ಎಂದ ಕೂಡಲೇ ನಯವಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಈ ದೇವಡಿಯ ಹಿಂಭಾಗದ ಒಂದು ಕೋಣೆ, ಒಂದು ಅಡಿಗೆಮನೆ ಬಿಟ್ಟರೆ ಹೈದರಾಬಾದಿನಲ್ಲಿ ಅವನಿಗೆ ಬೇರೆ ಸೂರಿರಲಿಲ್ಲ. ಹೆಂಡತಿ ಸ್ನೇಹಲತಾ ಆಗಲೇ ಅರ್ಧ ಪಾತ್ರೆ ಗಂಟು ಕಟ್ಟಿ ಇಟ್ಟಿದ್ದಳು.

ಇಬ್ಬರ ಮಾತನ್ನೂ ಅಂಗಳದ ಆಚೆ ಕಂಬಕ್ಕೊರಗಿ ಅಕ್ಕಿ ಆರಿಸುತ್ತಿದ್ದ ತುಳಸಾಬಾಯಿ ಕೇಳಿಸಿಕೊಂಡಿದ್ದಳು. ದೇವಡಿಯ ಮುಂಭಾಗದಲ್ಲಿದ್ದ ಈ ಹಿರಿಯಳು ಬೀದರಿನಿಂದ ಹೈದರಾಬಾದಿನ ತನಕ ಮದುವೆ ಕುದುರಿಸಿದ ಕೈ. ನೋಡಲು ಬರುವುದು, ಒಪ್ಪುವುದು ಎಂಬ ಮಾತು ಕಿವಿಗೆ ಬಿದ್ದರೆ ಅವಳನ್ನು ಹಿಡಿಯುವವರಿಲ್ಲ.

"ಸೂರ್ಯಾ, ಎಷ್ಟ ಮಂದಿ ಬರತಾರಂತ? ಹೆಣ್ಮಕ್ಕಳು ಅದಾರೇನು?"

"ಗೊತ್ತಿಲ್ಲ ಮೌಶಿ."

"ಇದ್ದೇ ಇರತಾರ. ಗಂಡಸರು ಮಾರಿ ನೋಡಿ ಎದ್ದು ಹೋಗತಾರ, ಹೆಣ್ಮಕ್ಕಳು ಮೂಲಿ ಮೂಲಿ ನೋಡತಾರ. ಈ ಮನೀ ಮಾರಿ ನೋಡೀಯೇನು? ಹಿಂಗ ತಂದು ನಿಲ್ಲಿಸಿದ್ರ ಯಾರ ಒಪ್ಪತಾರೋ?"

"ಏನೂ ಮುಟ್ಟಬ್ಯಾಡ್ರಿ ಅಂದಾನ ಗಗನ."

"ಅವಗ ಮದುವಿ ಆಗೇತೇನು?"

"ಇಲ್ಲ."

"ಮತ್ತ? ನೋಡಾಕ ಬರೋದು ಅಂದ್ರ ಏನಂತ ಅವಗೇನ ಗೊತ್ತು!"

ಸೂರ್ಯಕಾಂತನಿಗೆ ಇದು ಸರಿಯೆನಿಸಿತು. ಅವನಿಗೆ ಎದುರಿಗೆ ಯಾರು ಮಾತಾಡುತ್ತಿದ್ದರೋ ಅವರ ಮಾತು ಯಾವಾಗಲೂ ಸರಿಯೆನಿಸುತ್ತಿತ್ತು.

ತುಳಸಾಬಾಯಿ ಕಲ್ಯಾಣಪ್ಪನನ್ನು ಕೂಗಿದಳು. ಕಲ್ಯಾಣಪ್ಪ ದೇವಡಿಯ ಇನ್ನೊಂದು ಪಾಲಿನಲ್ಲಿದ್ದ ಬಣ್ಣದ ವ್ಯಾಪಾರಿ. ಒಂದು ಕಂಪ್ಯೂಟರ್ ತರಗತಿಯವರು ಬೇಕೆಂದು ಹೇಳಿ ಆಮೇಲೆ ಬೇಡವೆಂದ ಪಿಸ್ತಾ ಬಣ್ಣದ ಡಬ್ಬಿಗಳು ಅವನ ಅಂಗಡಿಯಲ್ಲಿ ದೂಳು ತಿನ್ನುತ್ತ ಕೂತಿದ್ದವು. ಆ ಡಬ್ಬಿಗಳಿಗೊಂದು ಗತಿ ಕಾಣಿಸಲು ದೇವರೇ ಸಮಿತಿಯನ್ನು ಕಳಿಸಿದನೆಂದು ಅವನಿಗೆ ತೋರಿತು.

"ಫಸ್ಟ್ ಕ್ಲಾಸ್ ಆಯಿಲ್ ಪೇಂಟ್ ಐತಿ ಮೌಶಿ. ಹಚ್ಚಿದ್ರ ಮನಿ ಹದಿನೆಂಟು ವರ್ಷದ ಹುಡುಗಿ ಆಗತೈತಿ ನೋಡ್ರಿ."

ತಾಸೊಪ್ಪತ್ತಿನಲ್ಲಿ ಬಣ್ಣ ಹಚ್ಚುವ ಆಳುಗಳು ಬಂದರು. ಸಾಗವಾನಿ ಕಂಬಗಳು, ಕೆತ್ತನೆಯ ಬಾಗಿಲು, ಕಮಾನಿನ ಮೇಲಿನ ಗಚ್ಚಿನ ಹೂಬಳ್ಳಿ ಎಲ್ಲವೂ ಒಂದೊಂದಾಗಿ ಪಿಸ್ತಾ ಆಗತೊಡಗಿದವು. ಹೂಬಳ್ಳಿಯ ಸಂದುಗಳು ದೂರದಿಂದ ಬಿರುಕಿನಂತೆ ಕಾಣುತ್ತವೆಂದು ಕಲ್ಯಾಣಪ್ಪ ಅವುಗಳಿಗೆ ಸಿಮೆಂಟು ತುಂಬಿಸಿ ನುಣ್ಣಗೆ ಮಾಡಿಸಿದ. ನೋಡುವವರ ಕಣ್ಣಿಗೆ ಬೀಳಬಾರದ ಹಳೆಯ ಸಾಮಾನುಗಳೆಲ್ಲ ಎಲ್ಲಿಗೆ ಹೋಗಬೇಕೆಂದು ಪ್ರಶ್ನೆ ಬಂತು. ಮುರಿದ ಜೋಕಾಲಿ, ಕಾಲು ಕಳೆದುಕೊಂಡ ನಿಲುವುಗನ್ನಡಿ, ಬೀಸುಕಲ್ಲು, ತುಕ್ಕು ಹಿಡಿದ ತೂಗುದೀಪ, ಯಾವುದೋ ಕಾಲದ ಕೆತ್ತನೆಯ ಹಲಗೆಗಳು.

"ಸೂರ್ಯಾನ ಅಡಗಿಮನ್ಯಾಗ ಒಗೀರಿ," ಎಂದಳು ತುಳಸಾಬಾಯಿ. "ಹಿಂದ ಐತಿ, ಅಲ್ಲಿತನಕ ಯಾರ ಬರತಾರ? ಅದಕ್ಕ ಬಣ್ಣಾನೂ ಬ್ಯಾಡ, ದಂಡ."

"ನಾ ಎಲ್ಲಿ ಕುಂತು ರೊಟ್ಟಿ ಬಡೀಲಿ?" ಎಂದು ಸ್ನೇಹಲತಾ ಕೂಗಿದಳು.

"ಮನಿ ಉಳಿದ್ರ ರೊಟ್ಟಿ ಉಳೀತಾವವಾ, ಸುಮ್ಮನಿರು."

ಸೂರ್ಯಕಾಂತನ ಮನಸ್ಸಿನಲ್ಲಿ ಗಗನ ಹೇಳಿದ್ದು ಮುಳ್ಳಿನಂತೆ ಆಡುತ್ತಲೇ ಇತ್ತು. ಬೀದಿಯ ಎಸ್.ಟಿ.ಡಿ. ಬೂತಿಗೆ ಹೋಗಿ ಗಗನನ ಮೊಬೈಲಿಗೆ ಫೋನು ಹಚ್ಚಿದ. ಗಗನ ಮೀಟಿಂಗಿನಲ್ಲಿದ್ದ.

"ಏನ್ ಸಾರ್, ಬೇಗ ಹೇಳಿ," ಎಂದು ಪಿಸುಗುಟ್ಟಿದ.

"ಮನಿ ಹ್ಯಾಂಗ ಇರಬೇಕಪಾ ಅವರು ಬಂದಾಗ?"

"ಹೇಗಿದೆಯೋ ಹಾಗೇ ಇರಬೇಕು ಸಾರ್. ಇಡ್ತೀನಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಯಿತು. ಹೇಗಿದೆಯೋ ಹಾಗೆ ಎಂದರೆ ಬೆಳಿಗ್ಗೆ ಇದ್ದ ಹಾಗೋ, ಈಗ ಇರುವ ಹಾಗೋ? ಈಗ ಇರುವ ಹಾಗೆ ಎಂದರೆ ಅರ್ಧ ಪಿಸ್ತಾ, ಅರ್ಧ ಕಪ್ಪು. ಹಾಗೇ ಬಿಡುವುದೋ, ಪೂರಾ ಮಾಡುವುದೋ, ಕೆರೆದು ತೆಗೆಯುವುದೋ? ಯಾವ ಗಾಜು ಹಾಕಿದರೂ ಮಸುಕಾಗಿ ಕಾಣುವ ಗಿರಾಕಿಯ ಹಾಗೆ ಅವನು ಬೂತಿನಲ್ಲೇ ನಿಂತುಬಿಟ್ಟ. ಹಿಂದೆ ಕಾಯುತ್ತಿದ್ದವರು ಬೈದ ಮೇಲೆ ಹೊರಗೆ ಬಂದ.

ಕೊನೆಗೆ, ಓದಿದ ಹುಡುಗ, ಅವನ ಮಾತೇ ಸರಿಯಿರಬೇಕು ಎಂದು ಧೈರ್ಯ ತಂದುಕೊಂಡ. ಮನೆಗೆ ಬಂದು ಸ್ನೇಹಲತಾಳ ತೆಂಗಿನಕಾಯಿ ಹೆರೆಯುವ ಮಣೆಯನ್ನೇ ಎತ್ತಿಕೊಂಡು ಮೊದಲ ಕಂಬದ ಹಸಿ ಬಣ್ಣ ಕೆರೆಯಲು ಶುರುಮಾಡಿದ. ಅವನು ಕೆರೆಯುತ್ತ ಎರಡನೆಯ ಕಂಬಕ್ಕೆ ಹೋಗುವಷ್ಟರಲ್ಲಿ ಆಳು ಬಂದು ಮೊದಲನೆಯದಕ್ಕೆ ಮತ್ತೆ ಬಳಿದ. ಎರಡನೆಯದನ್ನು ಕೆರೆದು ತಿರುಗಿ ನೋಡಿದರೆ ಮೊದಲನೆಯದು ಮೊದಲಿಗಿಂತ ಹೆಚ್ಚು ಹೊಳೆಯುತ್ತಿತ್ತು. ಹೀಗೆ ಇವನು ಕೆರೆಯುತ್ತ, ಆಳು ಬಳಿಯುತ್ತ ಇಬ್ಬರೂ ಅಂಗಳವನ್ನು ಎರಡು ಸುತ್ತು ಬಂದರು. ಆಮೇಲೆ ಕಲ್ಯಾಣಪ್ಪನಿಗೆ ಗೊತ್ತಾಯಿತು.

"ತಲಿ ಗಿಲಿ ಕೆಟ್ಟೈತೇನೋ ತಮ್ಮಾ? ಹುಡುಗಿ ಮಾರಿಗಿ ಪೌಡರ್ ಹಚ್ಚಿದ ಮ್ಯಾಲ ಯಾರರ ಕೆರೀತಾರೇನು?"

"ಗಗನ ಹೇಳಿದಾ ಕಾಕಾ, ಹೆಂಗ ಐತೋ ಹಂಗ ಇರಬೇಕಂತ."

"ಹೂಂ ಮತ್ತ. ಈಗ ಪಿಸ್ತಾ ಐತಿ, ಪಿಸ್ತಾನ ಇರಲಿ."

ಇದೂ ಸರಿಯೆನಿಸಿತು. ಸೂರ್ಯಕಾಂತ ಮಣೆ ಒಳಗಿಟ್ಟು ಬಂದ.

ಸಂಜೆ ಸಮಿತಿಯ ಅಧ್ಯಕ್ಷೆ ಬಂದರು. ಹೆಸರು ಅಹಲ್ಯಾ ದೇಶಪಾಂಡೆ, ಬಿಳಿಯ ಕೈಮಗ್ಗದ ಸೀರೆ, ದೊಡ್ಡ ಕುಂಕುಮ. ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬ ಸಹಾಯಕ. ತವರುಮನೆ ಗುಲ್ಬರ್ಗಾ ಎಂದು ಗೊತ್ತಾದದ್ದೇ ತುಳಸಾಬಾಯಿ ನಮ್ಮವರೇ ಸಿಕ್ಕರೆಂದು ಹಿಗ್ಗಿ ಇಬ್ಬರಿಗೂ ಒಂದೊಂದು ಹೂಮಾಲೆ ಹಾಕಿದಳು. ಅಹಲ್ಯಾಬಾಯಿ ಹೊಸಿಲಲ್ಲೇ ನಿಂತು ಕಂಬಗಳನ್ನು ನೋಡಿದರು. ಅವರ ಮುಖದ ಬಣ್ಣ ಇಳಿಯಿತು.

"ಈ ಕಂಬ... ಕಟಗೀವೋ, ಕಲ್ಲಿನವೋ?"

"ಪಿಸ್ತಾವು," ಎಂದ ಕಲ್ಯಾಣಪ್ಪ ಹೆಮ್ಮೆಯಿಂದ.

"ಹೂಬಳ್ಳಿ ಕೆತ್ತನಿ ಐತಿ ಅಂತ ಬರದಿದ್ರಲ್ಲ?"

"ಎಲ್ಲಾ ಮುಚ್ಚಿಸೀವ್ರಿ. ಹುಡುಕಿದ್ರೂ ಒಂದು ಗೆರಿ ಸಿಗಂಗಿಲ್ಲ ನಿಮಗ."

ಅಹಲ್ಯಾಬಾಯಿ ಉಸಿರೆಳೆದುಕೊಂಡರು. "ಹೋಗಲಿ, ಮನೀಗೆ ಎಷ್ಟು ವರ್ಷ ಆಗೇತಿ?"

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಮಾತನ್ನು ತುಳಸಾಬಾಯಿ ಬದುಕಿನುದ್ದಕ್ಕೂ ನಂಬಿದವಳು. ವಯಸ್ಸು ಕೇಳಿದರೆ ಇಳಿಸಿಯೇ ಹೇಳಬೇಕೆಂದು ಅವಳ ನಾಲಿಗೆಗೇ ಗೊತ್ತಿತ್ತು.

"ವಯಸ್ಸೇನ ಭಾಳ ಇಲ್ಲರೀ. ಮೂವತ್ತು ತುಂಬಿ ಮೂವತ್ತೊಂದು ನಡದೈತಿ."

"ನೂರು ದಾಟೇತ್ರಿ," ಎಂದ ಸೂರ್ಯಕಾಂತ. ತುಳಸಾಬಾಯಿ ಅವನ ತೋಳು ಚಿವುಟಿದಳು. "ಅಂದ್ರ, ನೋಡಿದವರು ನೂರು ಅಂತಾರ್ರಿ," ಎಂದು ತಿದ್ದಿಕೊಂಡ.

"ನೂರೋ ಮೂವತ್ತೋ?"

"ನಡುವ ಎಲ್ಲಿಯಾರ ಹಿಡೀರಿ," ಎಂದ ಕಲ್ಯಾಣಪ್ಪ, ಸಂಧಾನ ಮಾಡುವವನಂತೆ.

ಅಹಲ್ಯಾಬಾಯಿಗೆ ತಲೆ ಸುತ್ತು ಬಂದಂತಾಗಿ ಪಕ್ಕದ ಕಂಬಕ್ಕೆ ಒರಗಿದರು. ಎರಡೆರಡು ಸಲ ಬಳಿಸಿಕೊಂಡ ಕಂಬ ಅದು, ಇನ್ನೂ ಹಸಿಯಾಗಿತ್ತು. ಅವರು ನೆಟ್ಟಗಾದಾಗ ಬಿಳಿಯ ಸೀರೆಯ ಬೆನ್ನೆಲ್ಲ ಪಿಸ್ತಾ. ಹೆಂಗಸರೆಲ್ಲ ಅಯ್ಯಯ್ಯೋ ಎಂದರು. ಮನೆ ಹೋಯಿತು, ಈ ಕ್ಷಣದಲ್ಲೇ ಹೋಯಿತು ಎಂದು ಸೂರ್ಯಕಾಂತನಿಗೆ ಅಳು ಬಂತು.

"ಸೀಮಿಎಣ್ಣಿ ಹಚ್ಚಿ ತಿಕ್ಕಿದ್ರ ಹೋಗತೈತ್ರಿ, ಒಳಗ ನಲ್ಲಿ ಐತಿ, ಬರ್ರಿ," ಎಂದು ಸ್ನೇಹಲತಾ ಅವರ ಕೈ ಹಿಡಿದು ತನ್ನ ಅಡಿಗೆಮನೆಗೆ ಕರೆದುಕೊಂಡು ಹೋದಳು. "ಅಲ್ಲಿ ಬ್ಯಾಡ! ಅಲ್ಲಿ ಬ್ಯಾಡ!" ಎನ್ನುತ್ತ ತುಳಸಾಬಾಯಿ ಹಿಂದೆಯೇ ಓಡಿದಳು.

ತಡವಾಗಿತ್ತು. ಅಹಲ್ಯಾಬಾಯಿ ಅಡಿಗೆಮನೆಯ ನಡುವೆ ನಿಂತು ತಲೆಯೆತ್ತಿ ನೋಡುತ್ತಿದ್ದರು. ಮೇಲೆ ಹೊಗೆ ಹಿಡಿದ ಸಾಗವಾನಿ ತೊಲೆಗಳು, ಬೆಳಕು ಇಳಿಯುವ ದುಂಡು ಗವಾಕ್ಷಿ, ಗಚ್ಚಿನ ಗೋಡೆಯಲ್ಲಿ ಕಮಾನಿನ ಗೂಡುಗಳು. ಕೆಳಗೆ ಬೀಸುಕಲ್ಲು, ತೂಗುದೀಪ, ಜೋಕಾಲಿ, ಕೆತ್ತನೆಯ ಹಲಗೆಗಳು. ಸೀರೆಯ ಬಣ್ಣವನ್ನು ಅವರು ಮರೆತೇಬಿಟ್ಟರು.

"ಯಾ ಅಲ್ಲಾ!" ಎಂದರು ಅಹಲ್ಯಾ ದೇಶಪಾಂಡೆ. ಹೈದರಾಬಾದಿನಲ್ಲಿ ಬಹಳ ಕಾಲ ಇದ್ದವರ ಬಾಯಿಗೆ ಈ ದೇವರೇ ಮೊದಲು ಬರುತ್ತಾನೆ. "ಇದು ದೇವಡಿಯ ಅಸಲಿ ಬಾವರ್ಚಿಖಾನಾ! ಆಗ ಹ್ಯಾಂಗಿತ್ತೋ ಈಗಲೂ ಹಂಗ ಐತಿ! ಇದನ್ನ ಯಾಕ ಮುಚ್ಚಿಟ್ರಿ?"

ಅಕ್ಕನನ್ನು ನೋಡಲು ಬಂದವರು ಒಲೆಯ ಮುಂದೆ ಕೂತ ತಂಗಿಯನ್ನು ಮೆಚ್ಚಿದಂತಾಗಿ ತುಳಸಾಬಾಯಿ ಹಣೆ ಚಚ್ಚಿಕೊಂಡಳು. ಸಹಾಯಕ ಫಳಫಳ ಫೋಟೋ ಹೊಡೆದ. ಅಹಲ್ಯಾಬಾಯಿ ಮೊಬೈಲು ತೆಗೆದು ಹೊರಗೆ ಹೋಗಿ ಯಾರ ಜೊತೆಗೋ ತೆಲುಗಿನಲ್ಲಿ ಜೋರಾಗಿ, ಇಂಗ್ಲಿಷಿನಲ್ಲಿ ಇನ್ನೂ ಜೋರಾಗಿ ಮಾತಾಡಿ ಒಳಗೆ ಬಂದರು.

"ಮಾತಾಡೀನಿ. ನಾಳೆ ಆರ್ಡರ್ ಬರತೈತಿ. ಈ ಬಾವರ್ಚಿಖಾನಾ ಸಂರಕ್ಷಿತ ಸ್ಮಾರಕ. ದೇವಡಿ ತೊಲಿಗಳೆಲ್ಲ ಇದರ ಗೋಡಿ ಮ್ಯಾಲನ ಕುಂತಾವ, ಅದಕ್ಕ ಇಡೀ ಮನೀನ ಯಾರೂ ಕೆಡವಂಗಿಲ್ಲ."

ಅಂಗಳದಲ್ಲಿ ಕೇಕೆ ಎದ್ದಿತು. ಕಲ್ಯಾಣಪ್ಪ ಬಣ್ಣದ ಕೈಯಲ್ಲೇ ಸೂರ್ಯಕಾಂತನನ್ನು ತಬ್ಬಿಕೊಂಡ. ಸ್ನೇಹಲತಾ ಕಣ್ಣೊರೆಸಿಕೊಂಡಳು. ಸೂರ್ಯಕಾಂತನಿಗೆ ಬಹಳ ದಿನಗಳ ಮೇಲೆ ಎಲ್ಲವೂ ನಿಚ್ಚಳವಾಗಿ ಕಂಡಿತು. ಸೂರು ಉಳಿಯಿತು, ಇನ್ನು ಯಾರ ಬಾಗಿಲೂ ಬಡಿಯಬೇಕಿಲ್ಲ.

"ಮುಂದಿನ ಪಾಲು?" ಎಂದು ಕಲ್ಯಾಣಪ್ಪ ಕೇಳಿದ.

"ಅದು ಪೂರಾ ಕೆಟ್ಟೈತ್ರಿ, ಅದರಾಗ ಕಾಪಾಡೋದು ಏನೂ ಉಳದಿಲ್ಲ. ನಮ್ಮ ಕಾಯ್ದೆ ನಿಮಗ ಲಾಗೂ ಆಗಂಗಿಲ್ಲ. ನೀವು ಆರಾಮ ಇರ್ರಿ. ಇಲ್ಲಿ ಮಾತ್ರ ಒಲಿ ಹಚ್ಚಂಗಿಲ್ಲ, ನೀರು ಚೆಲ್ಲಂಗಿಲ್ಲ, ಯಾರೂ ಇರಂಗಿಲ್ಲ. ಇದಕ್ಕ ಹೊಂದಿದ ಈ ಕೋಣೀನೂ ಅಷ್ಟ. ಕೀಲಿ ಹಾಕತೀವಿ. ಸದ್ಯ ಇಲ್ಲಿ ಯಾರ ಅದಾರ?"

"ನಾವ್ರಿ," ಎಂದ ಸೂರ್ಯಕಾಂತ.

"ನೀವಾ?" ಅಹಲ್ಯಾಬಾಯಿ ಅವನ ಎರಡೂ ಕೈ ಹಿಡಿದುಕೊಂಡರು. "ಇಷ್ಟು ವರ್ಷ ಇದ್ರೂ ಒಂದು ಸುಧಾರಣಿ ಮಾಡಿಲ್ಲ, ಒಂದು ಸುಣ್ಣ ಹಚ್ಚಿಲ್ಲ! ನಿಮ್ಮಂಥಾವರು ಭಾಳ ಕಮ್ಮಿ ಸಿಗತಾರ್ರಿ. ಈ ತಿಂಗಳದಾಗ ಖಾಲಿ ಮಾಡಿದ್ರ ಸಾಕು."

ಸೂರ್ಯಕಾಂತ ಒಮ್ಮೆ ಅವರ ಮುಖ ನೋಡಿದ, ಒಮ್ಮೆ ತೊಲೆ ನೋಡಿದ. ಬಣ್ಣ ಹಚ್ಚಿದವರು ಉಳಿದರು, ಹಚ್ಚದವನು ಹೊರಟ. ಇದರಲ್ಲಿ ಎಲ್ಲಿಯೋ ಲೆಕ್ಕ ತಪ್ಪಿದೆ ಎಂದು ಹುಡುಕುತ್ತಿರುವಾಗಲೇ ಅವನ ಬುದ್ಧಿ ಎಂದೂ ಓಡದಷ್ಟು ಚುರುಕಾಗಿ ಓಡಿತು. ಅಂಗಳಕ್ಕೆ ನೆಗೆದು, ಅರ್ಧ ಉಳಿದಿದ್ದ ಪಿಸ್ತಾ ಡಬ್ಬಿಯನ್ನೂ ಕುಂಚವನ್ನೂ ಎತ್ತಿಕೊಂಡು ಅಡಿಗೆಮನೆಗೆ ನುಗ್ಗಿದ.

"ಹಿಡೀರಿ ಅವನ್ನ!" ಎಂದು ಕಿರುಚಿದಳು ತುಳಸಾಬಾಯಿ.

ಬೆಳಗಿನಿಂದ ದೇವಡಿಯನ್ನು ಬಳಿದ ಕೈಗಳೆಲ್ಲ ಒಟ್ಟಾಗಿ ಅವನ ಮೇಲೆ ಬಿದ್ದವು. ಒಬ್ಬ ಆಳು ಕಾಲು ಹಿಡಿದ, ಇನ್ನೊಬ್ಬ ಕುಂಚ ಕಸಿದ. ಕಲ್ಯಾಣಪ್ಪ ಹಿಂದಿನಿಂದ ಸೊಂಟ ಹಿಡಿದುಕೊಂಡು, "ಬ್ಯಾಡೋ ತಮ್ಮಾ, ಪರಂಪರಿ ಐತೋ ಅದು! ಕೆಡಸಿದ್ರ ಪಾಪ ಬರತೈತಿ!" ಎಂದು ಗೋಗರೆದ.

"ನಂಗೂ ಒಂದ ಕೈ ಹಚ್ಚಗೊಡ್ರೋ ಕಾಕಾ, ಒಂದ ಗೋಡಿಗಿ!"

"ನಿನ್ನ ಒಬ್ಬನ ಸಲುವಾಗಿ ನಾವೆಲ್ಲ ಬೀದಿಗಿ ಬೀಳಬೇಕೇನು? ಸ್ವಲ್ಪ ದೊಡ್ಡ ಮನಸ್ಸು ಮಾಡು ಸೂರ್ಯಾ," ಎಂದಳು ತುಳಸಾಬಾಯಿ. ಅಹಲ್ಯಾಬಾಯಿ ತಮ್ಮ ಕೊರಳ ಮಾಲೆಯನ್ನು ತೆಗೆದು ಅವನ ಕೊರಳಿಗೆ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಹಾಯಕ ಒಂದು ಫೋಟೋ ತೆಗೆದ.

ಅಷ್ಟೊತ್ತಿಗೆ ಕೊಂಡಾಪುರದಿಂದ ಬಂದ ಗಗನ ಗಾಡಿಯಿಳಿದು ಓಡಿಬಂದ. ಪಿಸ್ತಾ ಕಂಬಗಳನ್ನು ಕಂಡು ತಲೆಯ ಮೇಲೆ ಕೈ ಹೊತ್ತುಕೊಂಡ. ಆಮೇಲೆ ಸುದ್ದಿ ತಿಳಿದು ಸೂರ್ಯಕಾಂತನ ಕೈ ಕುಲುಕಿದ.

"ನೋಡಿದ್ರಾ ಸಾರ್, ನಾನು ಹೇಳಿರ್ಲಿಲ್ವಾ? ಮನೆ ಉಳೀತು!"

ಸೂರ್ಯಕಾಂತನಿಗೆ ಅವನನ್ನು ಹೊಡೆಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಎರಡೂ ಮಾಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟ. ಒಳಗೆ ಸ್ನೇಹಲತಾ ಉಳಿದ ಪಾತ್ರೆಗಳನ್ನೂ ಗಂಟು ಕಟ್ಟುವ ಸದ್ದು ಕೇಳುತ್ತಿತ್ತು. ನಾರಾಯಣಗುಡದ ಅಮರಯ್ಯನವರ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆಯೆಂದು ಆಳುಗಳಲ್ಲೊಬ್ಬ ಹೇಳಿದ್ದ.

ಅಮರಯ್ಯ ಬಾಗಿಲು ತೆಗೆದು, ಬಂದವನನ್ನು ಕೊರಳ ಮಾಲೆಯಿಂದ ಬಣ್ಣದ ಅಂಗಿಯ ತನಕ ನೋಡಿದರು. ಈಗ ಎಲ್ಲಿದ್ದೀರಿ ಎಂದು ವಿಚಾರಿಸಿದರು. ಸೂರ್ಯಕಾಂತ ಹೇಳಿದ.

"ಓ, ಆ ದೇವಡಿಯಾಗಾ? ಬಿಲ್ಡರ್ ಕೆಡವತಾನಂತ ಕೇಳಿದ್ದೆ. ಕೆಡವೇಬಿಟ್ಟನೇನ್ರಿ, ಪಾಪ?"

"ಇಲ್ರೀ," ಎಂದ ಸೂರ್ಯಕಾಂತ. "ಉಳಿಸಿದ್ವಿ. ಅದಕ್ಕ ಮನಿ ಹುಡುಕಾಕತ್ತೀನಿ."